ಫರ್ನಿಚರ್ ರಿಪೇರಿ ಕಿಟ್: ಬಣ್ಣಕ್ಕೆ ಸರಿ, ಬಲಕ್ಕೆ ಸಾಲದು

ಪೆಟ್ಟಿಗೆಯಲ್ಲಿ ಬಿಡಿ ಹಲಗೆಗಳಾಗಿ ಬಂದು ಮನೆಯಲ್ಲೇ ಜೋಡಿಸಿಕೊಳ್ಳುವ ಕಪಾಟು, ಮೇಜು, ಡ್ರಾಯರ್‌ಗಳು ಹಾಳಾದಾಗ ಬಹುತೇಕರು ಮೊದಲು ಹುಡುಕುವುದು ‘ಫರ್ನಿಚರ್ ರಿಪೇರಿ ಕಿಟ್’. ಯಾವ ಕಂಪನಿಯದಾದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಹಲವು ಬಣ್ಣದ ಗಟ್ಟಿ ಮೇಣದ ತುಂಡುಗಳು, ಎಎ ಸೆಲ್ ಹಾಕಿ ಬಿಸಿಮಾಡುವ ಮೇಣ ಕರಗಿಸುವ ಪೆನ್ನು, ಒಂದು ಬದಿಗೆ ಸಣ್ಣ ಗೆರೆಗಳಿರುವ ಪ್ಲಾಸ್ಟಿಕ್ ಕೆರೆಪಟ್ಟಿ, ಉಜ್ಜಲು ಒರಟು ಬಟ್ಟೆ, ಜೊತೆಗೆ ನಾಲ್ಕಾರು ಮಾರ್ಕರ್. ಡಬ್ಬದ ಮೇಲಿನ ಚಿತ್ರದಲ್ಲಿ ಮುರಿದ ಮೇಜಿನ ಮೂಲೆ ಹೊಸದಾಗಿ ಹೊಳೆಯುತ್ತಿರುತ್ತದೆ. ಚಿತ್ರ ಪೂರ್ತಿ ಸುಳ್ಳಲ್ಲ. ಆದರೆ ಆ ಮೂಲೆಯನ್ನು ಹಿಡಿದು ಮೇಜು ಎತ್ತಿದರೆ ಏನಾಗುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಈ ಜಾತಿಯ ಫರ್ನಿಚರ್ ಕೈಕೊಡುವುದು ಗೀರು ಬಿದ್ದು ಅಲ್ಲ. ಸ್ಕ್ರೂ ತೂತು ಸಡಿಲವಾಗುತ್ತದೆ, ಎರಡು ಹಲಗೆಗಳನ್ನು ಬಿಗಿದು ಹಿಡಿಯುವ ಕ್ಯಾಮ್ ಲಾಕ್ ಕೂತ ಜಾಗ ಒಡೆಯುತ್ತದೆ, ಬುಡ ನೀರು ಕುಡಿದು ಉಬ್ಬುತ್ತದೆ. ಇವುಗಳಿಗೆ ಕಿಟ್‌ನಲ್ಲಿ ಮದ್ದಿಲ್ಲ. ಬೇಕಾದದ್ದು ಅಂಟು, ಡೋವೆಲ್ ಎಂಬ ಮರದ ಗೂಟ, ಸರಿಯಾದ ಸ್ಕ್ರೂ, ಅಂಟಿಸಿದ್ದನ್ನು ಒತ್ತಿ ಹಿಡಿಯುವ ಎರಡು ಕ್ಲ್ಯಾಂಪ್. ಹಾಗಾಗಿ ಕಿಟ್‌ನ ಜೊತೆಗೆ ಆ ಸಾಮಾನುಗಳನ್ನೂ ಇಲ್ಲಿ ತೂಗಿ ನೋಡಿದ್ದೇವೆ.

ಮೊದಲು ಕಿಟ್. ಕಪಾಟಿನ ಬದಿ, ಬಾಗಿಲ ಮುಂಭಾಗ, ಡ್ರಾಯರ್ ಮುಖದಂಥ ಕಡೆ ಗೀರು, ಚಿಕ್ಕ ಕುಳಿ, ಬೇಡದ ಸ್ಕ್ರೂ ತೂತು ಮುಚ್ಚಲು ಗಟ್ಟಿ ಮೇಣ ನಿಜಕ್ಕೂ ಚೆನ್ನಾಗಿದೆ. ಕುಳಿಯ ಸುತ್ತ ಎದ್ದು ನಿಂತ ಲ್ಯಾಮಿನೇಟ್ (ಹಲಗೆಯ ಮೇಲಿನ ತೆಳು ಹೊದಿಕೆ) ಚೂರನ್ನು ಮೊದಲು ಬ್ಲೇಡಿನಿಂದ ಕತ್ತರಿಸಬೇಕು. ಮೇಣದ ತುದಿಯನ್ನು ಪೆನ್ನಿಗೆ ತಾಗಿಸಿ ಕರಗಿಸಿ, ಮೇಲ್ಮೈಗಿಂತ ತುಸು ಎತ್ತರಕ್ಕೆ ತುಂಬಿ, ತಣಿದ ಮೇಲೆ ಕೆರೆಪಟ್ಟಿಯ ಗೆರೆಯಿರುವ ಬದಿಯಿಂದ ಹಲಗೆಗೆ ಸಮನಾಗುವಷ್ಟು ಎಳೆಯಬೇಕು. ಬಿಸಿ ಇರುವಾಗಲೇ ಎಳೆದರೆ ಮೇಣ ಕುಳಿಯಿಂದ ಕಿತ್ತುಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಕೊನೆಗೆ ಬಟ್ಟೆಯಿಂದ ಉಜ್ಜಿದರೆ ಹೊಳಪು ಸುತ್ತಲಿನದಕ್ಕೆ ಹತ್ತಿರ ಬರುತ್ತದೆ.

ಬಣ್ಣ ಹೊಂದಿಸುವುದರಲ್ಲಿ ಒಂದು ಪಟ್ಟು ಇದೆ. ಮರದ ನಮೂನೆಯ ಲ್ಯಾಮಿನೇಟ್ ಒಂದೇ ಬಣ್ಣದ್ದಲ್ಲ. ಅದರಲ್ಲಿ ಅತಿ ತಿಳಿಯಾದ ಬಣ್ಣವನ್ನು ಕುಳಿಗೆ ತುಂಬಿ, ಕಡು ಬಣ್ಣದ ಮೇಣದಲ್ಲಿ ಎರಡು ಮೂರು ಎಳೆಗಳನ್ನು ಮೇಲೆ ಎಳೆದರೆ ಕಣ್ಣು ಮೋಸಹೋಗುತ್ತದೆ. ನಡುವಿನ ಬಣ್ಣ ಹುಡುಕಿ ಒಂದೇ ಸಲ ತುಂಬಿದರೆ ತೇಪೆ ಎದ್ದು ಕಾಣುತ್ತದೆ. ಬಿಳಿ ಫರ್ನಿಚರ್‌ನಲ್ಲಿ ಇನ್ನೂ ಕಷ್ಟ: ಕಿಟ್‌ನ ಬಿಳಿ ಅಚ್ಚ ಬಿಳಿ, ಹಲಗೆಯದು ಹಳದಿಯೋ ಬೂದಿಯೋ ಬೆರೆತ ಬಿಳಿ. ತಿಳಿ ಹಳದಿ ಅಥವಾ ಬೂದು ಮೇಣದ ಒಂದು ಚೂರನ್ನು ಜೊತೆಗೆ ಕರಗಿಸಿ, ಹಳೆಯ ಡಬ್ಬದ ಮುಚ್ಚಳದ ಮೇಲೆ ಬೆರೆಸಿ ನೋಡಿಯೇ ತುಂಬಬೇಕು.

ಮೇಣದ ಮಿತಿ ಎರಡು. ಬಿಸಿ ಪಾತ್ರೆ ಇಡುವ ಮೇಜಿನ ಮೇಲೆ ಅದು ಮೆತ್ತಗಾಗುತ್ತದೆ, ದಿನವೂ ಕೈ ಉಜ್ಜುವ ಅಂಚಿನಲ್ಲಿ ಸವೆಯುತ್ತದೆ. ಎರಡನೆಯದು ಹೆಚ್ಚು ಮುಖ್ಯ: ಮೇಣ ತಾಗಿದ ಜಾಗಕ್ಕೆ ಆಮೇಲೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಅಂಟಿಸುವ, ತುಂಬುವ, ಬಣ್ಣ ಬಳಿಯುವ ಕೆಲಸವೆಲ್ಲ ಮುಗಿದ ಮೇಲೆಯೇ ಮೇಣಕ್ಕೆ ಕೈ ಹಾಕಿ. ಮಾರ್ಕರ್‌ಗಳ ಕಥೆ ಚಿಕ್ಕದು. ಲ್ಯಾಮಿನೇಟ್ ಮೇಲೆ ಶಾಯಿ ನಿಲ್ಲುವುದಿಲ್ಲ, ಒರೆಸಿದರೆ ಹೋಗುತ್ತದೆ. ಲ್ಯಾಮಿನೇಟ್ ಹಾರಿಹೋಗಿ ಒಳಗಿನ ಕಂದು ಹುಡಿ ಕಾಣುವಲ್ಲಿ ಮಾತ್ರ ಅದು ಇಂಗುತ್ತದೆ. ಅಲ್ಲೂ ಬೇಕೆನಿಸಿದ್ದಕ್ಕಿಂತ ಒಂದು ಛಾಯೆ ತಿಳಿಯಾದದ್ದನ್ನೇ ಹಚ್ಚಿ, ಏಕೆಂದರೆ ಇಂಗಿದ ಮೇಲೆ ಕಡುವಾಗುತ್ತದೆ. ಬರೀ ಅಂದಕ್ಕಾದರೆ ಕಿಟ್‌ಗೆ ಐದಕ್ಕೆ ನಾಲ್ಕು. ‘ರಿಪೇರಿ’ ಎಂಬ ಹೆಸರಿಗೆ ಒಂದೂವರೆ.

ಈಗ ಅಂಟುಗಳು. ಬಿಳಿ ಮರದ ಅಂಟು, ಅಂದರೆ ಪಿವಿಎ, ಅಗ್ಗ, ಕೈ ತೊಳೆದರೆ ಹೋಗುತ್ತದೆ, ಹುಡಿ ಕಾಣುವ ಎರಡು ಮುಖಗಳು ಸರಿಯಾಗಿ ಕೂಡಿಕೊಳ್ಳುವಲ್ಲಿ ಇದಕ್ಕಿಂತ ಬೇರೆ ಬೇಡ. ಸೀಳಿದ ಹಲಗೆಯ ಅಂಚು, ಡೋವೆಲ್ ತೂತು ಇದರ ಕ್ಷೇತ್ರ. ಅರ್ಧದಿಂದ ಒಂದು ಗಂಟೆ ಕ್ಲ್ಯಾಂಪ್, ಭಾರ ಹೊರಿಸುವ ಮೊದಲು 24 ಗಂಟೆ ಬಿಡುವು. ಸೋಲುವುದು ಎರಡು ಕಡೆ. ಲ್ಯಾಮಿನೇಟ್ ಮುಖಕ್ಕೆ ಅದು ಹಿಡಿಯುವುದೇ ಇಲ್ಲ, ಒಣಗಿದ ಮೇಲೆ ಹಾಳೆಯಂತೆ ಸುಲಿದುಬರುತ್ತದೆ. ಮತ್ತು ಸಂದು ತುಂಬುವ ಗುಣ ಇದಕ್ಕಿಲ್ಲ. ನೀರು ಆರಿದಂತೆ ಕುಗ್ಗುತ್ತದೆ. ಅಡುಗೆಮನೆ, ಬಚ್ಚಲುಮನೆಯ ಹತ್ತಿರದ ಕಪಾಟಿಗೆ ಡಿ3 ದರ್ಜೆ ಎಂದು ಬರೆದಿರುವ ಪಿವಿಎ ಕೊಳ್ಳಿ, ಆಗಾಗ ತಾಗುವ ತೇವವನ್ನು ಅದು ತಡೆಯುತ್ತದೆ.

ಪುಡಿಪುಡಿಯಾದ ಜಾಗಕ್ಕೆ ಎರಡು ಭಾಗ ಬೆರೆಸುವ ಎಪಾಕ್ಸಿಯೇ ಸರಿ. ಐದು ನಿಮಿಷದ್ದು ಕೈಗೆ ಅನುಕೂಲ, ಆದರೆ ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚಕ್ಕೆ ಒತ್ತಿ ಮಾಡಿದ ಈ ಹಲಗೆಯ ಒಳಗೆ ಇಳಿಯುವ ಮೊದಲೇ ಗಟ್ಟಿಯಾಗಿಬಿಡುತ್ತದೆ. ನಿಧಾನವಾಗಿ ಗಟ್ಟಿಯಾಗುವ, ತೆಳ್ಳಗಿನ ಎಪಾಕ್ಸಿ ಹುಡಿಯ ನಡುವೆ ಇಂಗಿ ಎಲ್ಲವನ್ನೂ ಒಂದಾಗಿ ಕಟ್ಟುತ್ತದೆ. ಡಬ್ಬದ ಮೇಲೆ ಹೇಳಿದ ಅಳತೆಯನ್ನೇ ಪಾಲಿಸಿ. ಬೇಗ ಗಟ್ಟಿಯಾಗಲಿ ಎಂದು ಗಟ್ಟಿಮಾಡುವ ಭಾಗವಾದ ಹಾರ್ಡನರ್ ಹೆಚ್ಚು ಸುರಿದರೆ ಬಲ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಸೂಪರ್ ಗ್ಲೂನಲ್ಲಿ ತೆಳುವಾದ ಬಗೆಯೊಂದಿದೆ, ಅದೂ ಸಡಿಲ ಹುಡಿಯನ್ನು ಚೆನ್ನಾಗಿ ಕಟ್ಟುತ್ತದೆ. ಅದನ್ನು ಹತ್ತಿ ಅಥವಾ ಹತ್ತಿಬಟ್ಟೆಯಿಂದ ಮಾತ್ರ ಒರೆಸಬೇಡಿ, ಎರಡೂ ಸೇರಿ ಕೈ ಸುಡುವಷ್ಟು ಬಿಸಿಯಾಗುತ್ತವೆ. ನೊರೆ ಬರುವ ಪಾಲಿಯುರಿಥೇನ್ ಅಂಟು ನೋಡಲು ಸಂದು ತುಂಬಿದಂತೆ ಕಾಣುತ್ತದೆ, ಆದರೆ ಆ ನೊರೆಯಲ್ಲಿ ಬಲವಿಲ್ಲ. ಗ್ಲೂ ಗನ್ನಿನ ಬಿಸಿ ಅಂಟು ಈ ಕೆಲಸಕ್ಕೆ ದಂಡ.

ಸಡಿಲವಾದ ಸ್ಕ್ರೂ ತೂತಿಗೆ ಬೆಂಕಿಕಡ್ಡಿ ತುರುಕಿ ಅಂಟು ಹಾಕುವ ಉಪಾಯ ಎಲ್ಲರಿಗೂ ಗೊತ್ತು. ಅದು ಹುಟ್ಟಿದ್ದು ಅಪ್ಪಟ ಮರಕ್ಕಾಗಿ. ಮರದಲ್ಲಿ ನಾರು ಇದೆ, ಕಡ್ಡಿ ಒತ್ತಿದಾಗ ಅದು ತಿರುಗಿ ಒತ್ತುತ್ತದೆ. ಪಾರ್ಟಿಕಲ್ ಬೋರ್ಡಿನಲ್ಲಿ ಮೇಲ್ಪದರ ಮಾತ್ರ ನುಣುಪಾದ, ಗಟ್ಟಿಯಾದ ಹುಡಿ. ನಡುವೆ ದೊಡ್ಡ ಚಕ್ಕೆ, ಸಡಿಲ ಕಟ್ಟು. ಕಡ್ಡಿ ಒತ್ತಿದಷ್ಟೂ ತೂತು ಇನ್ನಷ್ಟು ಉದುರುತ್ತದೆ. ಚಿತ್ರ ತೂಗುಹಾಕುವಂಥ ಹಗುರ ಕೆಲಸಕ್ಕೆ ಸರಿ, ಬಾಗಿಲು ಹೊರುವ ಹಿಂಜ್‌ಗೆ ಬೇಡ.

ಹಿಂಜ್ ಪ್ಲೇಟಿನ (ಹಿಂಜನ್ನು ಕಪಾಟಿನ ಬದಿಗೆ ಹಿಡಿಸುವ ಲೋಹದ ತುಂಡಿನ) ತೂತು ಸ್ವಲ್ಪವೇ ಸಡಿಲವಾಗಿದ್ದರೆ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಒಳ್ಳೆಯ ಸಾಮಾನು ಯೂರೋ ಸ್ಕ್ರೂ. 6.3 ಮಿಮೀ ದಪ್ಪ, 11ರಿಂದ 13 ಮಿಮೀ ಉದ್ದ, ಅಗಲವಾದ ಸುರುಳಿ. 3.5 ಮಿಮೀ ಸಾದಾ ಸ್ಕ್ರೂ ಕಿತ್ತುಬಂದ ಜಾಗವನ್ನು 5 ಮಿಮೀ ಡ್ರಿಲ್ ಬಿಟ್‌ನಿಂದ ನೇರಮಾಡಿಕೊಂಡು, ಒಳಗೆ ತೆಳು ಸೂಪರ್ ಗ್ಲೂ ನಾಲ್ಕೈದು ಹನಿ ಬಿಟ್ಟು, ಅದು ಪೂರ್ತಿ ಗಟ್ಟಿಯಾದ ಮೇಲೆ ಇದನ್ನು ಕೈಯಿಂದಲೇ ತಿರುಗಿಸಿ ಕೂರಿಸಿದರೆ ಬಾಗಿಲು ಮತ್ತೆ ಬಿಗಿ ನಿಲ್ಲುತ್ತದೆ. ಹಿಂಜ್ ಪ್ಲೇಟಿನ ತೂತು ಅಷ್ಟು ದಪ್ಪ ಸ್ಕ್ರೂ ಹಿಡಿಸುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ತೂತು ಪೂರಾ ಹರಿದಿದ್ದರೆ ಡೋವೆಲ್ ಕೂರಿಸಬೇಕು. 10 ಮಿಮೀ ಡೋವೆಲ್, ನಡುವೆ ಮೊನೆಯಿರುವ ಮರದ ಬಿಟ್, ಬಿಟ್ ಮೇಲೆ 12 ಮಿಮೀ ಆಳಕ್ಕೆ ಸುತ್ತಿದ ಟೇಪ್. 16 ಅಥವಾ 18 ಮಿಮೀ ಹಲಗೆಯಲ್ಲಿ ಅದಕ್ಕಿಂತ ಆಳ ಹೋದರೆ ಹೊರಮೈಯಲ್ಲಿ ಗುಳ್ಳೆ ಏಳುತ್ತದೆ. ಕೊರೆಯುವ ಮೊದಲು ಹಳೆಯ ತೂತಿನ ನಡು ಎಲ್ಲಿತ್ತು ಎಂದು ಅಂಚಿನಿಂದ ಅಳೆದು ಬರೆದಿಟ್ಟುಕೊಳ್ಳಿ. ಹಿಂಜ್ ಪ್ಲೇಟಿನದು ಸಾಮಾನ್ಯವಾಗಿ ಮುಂದಿನ ಅಂಚಿನಿಂದ 37 ಮಿಮೀ, ಒಂದರಿಂದ ಇನ್ನೊಂದಕ್ಕೆ 32 ಮಿಮೀ. ಕೊರೆದ ಹುಡಿಯನ್ನೆಲ್ಲ ತೆಗೆದು, ತೂತಿನ ಗೋಡೆಗೆ ಎಪಾಕ್ಸಿ ಸವರಿ, ಡೋವೆಲ್ ತಟ್ಟಿ ಕೂರಿಸಿ, ಮರುದಿನ ಮೇಲಿನ ತುದಿ ಸಮ ಕತ್ತರಿಸಿ ಹೊಸ ತೂತು ಕೊರೆಯಿರಿ. ಡೋವೆಲ್‌ನ ನಾರು ಸ್ಕ್ರೂ ಹೋಗುವ ದಿಕ್ಕಿಗೇ ಇರುವುದರಿಂದ ಮರದ ಅಡ್ಡನಾರಿನಷ್ಟು ಹಿಡಿತ ಸಿಗದು. ಹಾಗಾಗಿ ಸ್ಕ್ರೂಗೆ ತಕ್ಕ ಸಣ್ಣ ತೂತು ಕೊರೆಯದೆ ನೇರ ಸ್ಕ್ರೂ ತಿರುಗಿಸಿದರೆ ಡೋವೆಲ್ಲೇ ಸೀಳುತ್ತದೆ.

ಡೋವೆಲ್ ಇಲ್ಲದೆಯೂ ಒಂದು ದಾರಿ ಇದೆ. ತೂತಿಗೆ ಎಪಾಕ್ಸಿ ತುಂಬಿ, ಸ್ಕ್ರೂನ ಸುರುಳಿಗೆ ಮೇಣವನ್ನೋ ವ್ಯಾಸಲೀನನ್ನೋ ತೆಳ್ಳಗೆ ಸವರಿ, ನೇರವಾಗಿ ಇಳಿಸಿ ಬಿಟ್ಟರೆ, ಗಟ್ಟಿಯಾದ ಮೇಲೆ ಸ್ಕ್ರೂ ತಿರುಗಿಸಿ ಬಿಚ್ಚಬಹುದು, ಅಚ್ಚು ಹಾಗೇ ಉಳಿಯುತ್ತದೆ. ಸವರುವುದು ಮರೆತರೆ ಆ ಸ್ಕ್ರೂ ಇನ್ನೆಂದೂ ಬರುವುದಿಲ್ಲ.

ಹಿಂಜ್‌ನ 35 ಮಿಮೀ ಬಟ್ಟಲು ಕೂತ ಜಾಗವೇ ಒಡೆದಿದ್ದರೆ ಹಿಂಜ್ ರಿಪೇರಿ ಪ್ಲೇಟ್ ಕೊಳ್ಳಿ. ತೆಳು ಉಕ್ಕಿನ ಹಾಳೆ, ಒಡೆದ ಭಾಗವನ್ನು ದಾಟಿ ಗಟ್ಟಿಯಿರುವ ಕಡೆ ಸ್ಕ್ರೂ ಹಾಕಲು ದೂರದೂರ ತೂತುಗಳು. ಕಲ್ಪನೆ ಒಳ್ಳೆಯದು, ಫಲವೂ ಒಳ್ಳೆಯದು. ಸೋಲುವುದು ಜೊತೆಗೆ ಕೊಡುವ ಸ್ಕ್ರೂಗಳಲ್ಲಿ: ಹಲವು ಪೊಟ್ಟಣಗಳಲ್ಲಿ ಅವು 20 ಮಿಮೀ ಉದ್ದವಿದ್ದು, 18 ಮಿಮೀ ಬಾಗಿಲನ್ನು ತೂರಿಕೊಂಡು ಹೊರಗೆ ಬರುತ್ತವೆ. 3.5 × 15 ಮಿಮೀ ಬೇರೆ ತನ್ನಿ. ಪ್ಲೇಟಿನ ದಪ್ಪದಷ್ಟು ಬಾಗಿಲು ಮುಂದೆ ಬರುತ್ತದೆ. ಹಿಂಜ್‌ನ ಹಿಂದು-ಮುಂದಿನ ಸ್ಕ್ರೂ ತಿರುಗಿಸಿ ಅದನ್ನು ಒಳಕ್ಕೆ ತರಬಹುದು.

ಕ್ಯಾಮ್ ಲಾಕ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಈ ಫರ್ನಿಚರ್‌ಗಳ ಪ್ರಾಣ ಇರುವುದೇ ಅದರಲ್ಲಿ. 15 ಮಿಮೀ ವ್ಯಾಸದ ಸತು ಮಿಶ್ರಲೋಹದ ಗುಂಡು ಒಂದು ಹಲಗೆಯ ಮೈಯಲ್ಲಿ, ಅದು ಕಚ್ಚಿ ಎಳೆಯುವ ಬೋಲ್ಟ್ ಇನ್ನೊಂದು ಹಲಗೆಯಲ್ಲಿ. ಬೋಲ್ಟ್ ಅದರ ಕುತ್ತಿಗೆಯವರೆಗೆ ಇಳಿದಿರಬೇಕು, ಮೇಲಕ್ಕೂ ಅಲ್ಲ, ಒಳಕ್ಕೂ ಅಲ್ಲ. ಗುಂಡಿನ ಮೇಲಿನ ಬಾಣದ ಗುರುತು ಶುರುವಿನಲ್ಲಿ ಬೋಲ್ಟ್ ಬರುವ ತೂತಿನ ಕಡೆ ನೋಡುತ್ತಿರಬೇಕು. ಅಲ್ಲಿಂದ ಸುಮಾರು ಅರ್ಧ ಸುತ್ತಿನಲ್ಲಿ ಬಿಗಿಯಾಗುತ್ತದೆ. ಬಿಗಿ ಸಿಗದೆ ಸುತ್ತುತ್ತಲೇ ಇದ್ದರೆ ಬೋಲ್ಟಿನ ಆಳ ತಪ್ಪಿದೆ ಎಂದರ್ಥ. ಇನ್ನಷ್ಟು ಬಲ ಹಾಕುವುದಲ್ಲ, ಬಿಚ್ಚಿ ಸರಿಮಾಡುವುದು. ಬ್ಯಾಟರಿ ಡ್ರೈವರ್ ಇಲ್ಲಿ ಶತ್ರು. ಸತು ಮೆತ್ತಗಿನ ಲೋಹ, ತಲೆ ಹರಿದುಹೋಗುತ್ತದೆ. ಹೆಚ್ಚಿನವುಗಳ ತಲೆಗೆ ಬೇಕಾದದ್ದು ಪೋಜಿಡ್ರೈವ್ ಪಿಝಡ್2. ಅದರಂತೆಯೇ ಕಾಣುವ ಫಿಲಿಪ್ಸ್ ಸ್ಕ್ರೂಡ್ರೈವರ್ ಪೂರ್ತಿ ಕೂರದೆ ಜಾರಿ ತಲೆ ಕೆಡಿಸುತ್ತದೆ. ಪಿಝಡ್2 ಸ್ಕ್ರೂಡ್ರೈವರ್ ಒಂದನ್ನು ಕೊಳ್ಳುವುದು ಇಡೀ ಕಿಟ್‌ಗಿಂತ ಉಪಯೋಗದ ಖರೀದಿ.

ಮನೆ ಬದಲಾಯಿಸುವಾಗ ಜೋಡಿಸಿದ ಕಪಾಟನ್ನು ಹಾಗೇ ಎಳೆದರೆ ಮುರಿಯುವುದು ಲೋಹವಲ್ಲ. ಗುಂಡಿಗೂ ಹಲಗೆಯ ಅಂಚಿಗೂ ನಡುವೆ ಇರುವ ಸಣ್ಣ ಗೋಡೆ ಬಿರಿದು ಹೊರಗೆ ಬರುತ್ತದೆ. ಬಿರಿದ ತುಂಡು ಸಿಕ್ಕಿದರೆ ಎಪಾಕ್ಸಿ ಸವರಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಎರಡು ಚಪ್ಪಟೆ ಪಟ್ಟಿಗಳ ನಡುವೆ ಕ್ಲ್ಯಾಂಪ್ ಹಾಕಿ. ಹಾಳೆ ಇಲ್ಲದಿದ್ದರೆ ಪಟ್ಟಿಯೂ ಅಂಟಿಕೊಳ್ಳುತ್ತದೆ. ತುಂಡು ಉದುರಿ ಹೋಗಿದ್ದರೆ ಅದೇ ಜಾಗವನ್ನು ಮತ್ತೆ ಕಟ್ಟುವುದು ಹೆಚ್ಚಿನ ಸಲ ಶ್ರಮ ವ್ಯರ್ಥ. ಆ ಮೂಲೆಗೆ ಹೊರಗಿನಿಂದ ಕನ್ಫರ್ಮಾಟ್ ಎಂಬ ದಪ್ಪ ಸ್ಕ್ರೂ ಹಾಕುವುದು ವಾಸಿ: 7 × 50 ಮಿಮೀ, ಹೊರ ಹಲಗೆಗೆ 7 ಮಿಮೀ ತೂತು, ಒಳ ಹಲಗೆಯ ಅಂಚಿಗೆ 5 ಮಿಮೀ ತೂತು, ದಪ್ಪದ ಸರಿ ನಡುವೆ. 18 ಮಿಮೀ ಹಲಗೆಯಲ್ಲಿ ಅಂಚಿನಿಂದ 9 ಮಿಮೀ. ಒಂದೆರಡು ಮಿಮೀ ತಪ್ಪಿದರೂ ಹಲಗೆಯ ಮೈ ಉಬ್ಬುತ್ತದೆ, ಆದ್ದರಿಂದ ಎರಡೂ ಅಳತೆ ಒಂದೇ ಸಲ ಕೊರೆಯುವ ಮೆಟ್ಟಿಲು ಬಿಟ್ ಕೊಳ್ಳಿ. ಒಡೆದ ಗುಂಡಿಯಿಂದ ಕನಿಷ್ಠ 30 ಮಿಮೀ, ಹಲಗೆಯ ತುದಿಯಿಂದ 50 ಮಿಮೀ ದೂರವಿರಲಿ. ತಲೆ ಹೊರಗೆ ಕಾಣುತ್ತದೆ, ಬಣ್ಣದ ಮುಚ್ಚಳ ಸಿಗುತ್ತದೆ. ಅಂದ ಬೇಡ, ಗಟ್ಟಿಯಿದ್ದರೆ ಸಾಕು ಎನ್ನುವವರಿಗೆ ಒಳಮೂಲೆಯ ಲೋಹದ ಎಲ್ ಪಟ್ಟಿಯೂ ನಡೆಯುತ್ತದೆ; ಅದರ ಸ್ಕ್ರೂ ಹಲಗೆಯ ದಪ್ಪಕ್ಕಿಂತ 3 ಮಿಮೀ ಕಡಿಮೆ ಇರಲಿ.

ನೀರು ಕುಡಿದ ಹಲಗೆಯ ವಿಷಯದಲ್ಲಿ ಯಾವ ಡಬ್ಬವೂ ನಿಜ ಹೇಳುವುದಿಲ್ಲ. ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚಕ್ಕೆಗಳಿಗೆ ರಾಳ ಬೆರೆಸಿ ಬಿಸಿಯಲ್ಲಿ ಒತ್ತಿ ತೆಳ್ಳಗೆ ಮಾಡಿದ ಹಲಗೆ. ನೀರು ತಾಗಿದಾಗ ಒತ್ತಿ ಕೂತಿದ್ದ ಚಕ್ಕೆಗಳು ಬಿಡಿಸಿಕೊಂಡು ಏಳುತ್ತವೆ, ನಡುವಿನ ಕಟ್ಟು ಬಿಡುತ್ತದೆ. ನೆನೆದು ಉಬ್ಬಿದ ಪುಸ್ತಕ ಒಣಗಿದರೂ ಮೊದಲಿನ ದಪ್ಪಕ್ಕೆ ಬರುವುದಿಲ್ಲವಲ್ಲ, ಹಾಗೆಯೇ ಇದು. ಇನ್ನಷ್ಟು ಉಬ್ಬದಂತೆ, ಉದುರದಂತೆ ಕಟ್ಟಿಹಾಕಬಹುದು, ಅಷ್ಟೇ.

ಅದನ್ನು ಮಾಡುವ ಕ್ರಮ ಹೀಗೆ. ಮೊದಲು ಒಣಗಿಸಿ, ಫ್ಯಾನಿನ ಗಾಳಿಯಲ್ಲಿ, ಹಲವು ದಿನ. ಬಿಸಿಲಿಗಿಟ್ಟರೆ ಲ್ಯಾಮಿನೇಟ್ ಎದ್ದುಬರುತ್ತದೆ. ಒಳಗೆ ತೇವ ಉಳಿದಿರುವಾಗ ಎಪಾಕ್ಸಿ ಹಾಕಿದರೆ ಕೆಲಸವೆಲ್ಲ ನೀರುಪಾಲು. ಒಣಗಿದ ಮೇಲೆ ಉಬ್ಬಿದ ಅಂಚಿನ ಉದ್ದಕ್ಕೂ 15 ಮಿಮೀಗೊಂದರಂತೆ 2 ಮಿಮೀ ತೂತು ಕೊರೆದು, ತೆಳು ಎಪಾಕ್ಸಿ ಅಥವಾ ವುಡ್ ಹಾರ್ಡನರ್ ಎಂಬ ದ್ರವವನ್ನು ಇಂಗುವುದು ನಿಲ್ಲುವವರೆಗೆ ಹನಿಸಿ. ಎಪಾಕ್ಸಿ ಹಾಕಿದ್ದರೆ ಪ್ಲಾಸ್ಟಿಕ್ ಸುತ್ತಿದ ಪಟ್ಟಿಗಳ ನಡುವೆ ಇಟ್ಟು ಕ್ಲ್ಯಾಂಪನ್ನು ಹತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿಗಿಮಾಡಿ. ಒಂದೇ ಸಲ ಬಿಗಿದರೆ ಒಳಗಿನ ಪದರ ಸೀಳುತ್ತದೆ. ಉಬ್ಬಿನಲ್ಲಿ ಒಂದು ಭಾಗ ತಗ್ಗುತ್ತದೆ, ಉಳಿದದ್ದನ್ನು 80 ನಂಬರ್ ಸ್ಯಾಂಡ್‌ಪೇಪರ್‌ನಿಂದ ತೀಡಿ, 180ರಿಂದ ನುಣುಪು ಮಾಡಿ. ತೀಡುವಾಗ ಮಾಸ್ಕ್ ಹಾಕಿಕೊಳ್ಳಿ, ಈ ಹುಡಿಯಲ್ಲಿ ಮರದ ಜೊತೆಗೆ ರಾಳವೂ ಇದೆ. ಆಮೇಲೆ ಅಂಚಿಗೆ ಎರಡು ಪದರ ವಾರ್ನಿಷ್ ಕೊಟ್ಟು ಮುಚ್ಚಿ. ಬೆರಳಲ್ಲಿ ಒತ್ತಿದರೆ ಉದುರುವ ಮಟ್ಟಕ್ಕೆ ಹೋಗಿದ್ದರೆ ವುಡ್ ಹಾರ್ಡನರ್‌ಗೆ ಹಣ ಸುರಿಯಬೇಡಿ. ಎರಡೂ ಬದಿಯ ಹಲಗೆಗಳ ಬುಡವನ್ನು ಸಮನಾಗಿ ಕತ್ತರಿಸಿ ಕೆಳಗೆ ಪ್ಲಾಸ್ಟಿಕ್ ಕಾಲುಗಳನ್ನು ಕೂರಿಸುವುದು ಹೆಚ್ಚು ಬಾಳುತ್ತದೆ, ಮುಂದಿನ ಸಲ ನೆಲ ಒರೆಸುವಾಗ ನೀರೂ ತಾಗುವುದಿಲ್ಲ.

ಕಿತ್ತುಹೋದ ಅಂಚಿಗೆ ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸುವ ಎಡ್ಜ್ ಬ್ಯಾಂಡ್ ಕೊಟ್ಟ ಹಣಕ್ಕೆ ಮೋಸವಿಲ್ಲದ ಸಾಮಾನು. 18 ಮಿಮೀ ಹಲಗೆಗೆ 22 ಮಿಮೀ ಅಗಲದ್ದು. ಇಸ್ತ್ರಿ ಮಧ್ಯಮ ಬಿಸಿ, ಹಬೆ ಬೇಡ. ನಿಧಾನವಾಗಿ ಎಳೆದು, ಅಂಟು ಕರಗಿದೊಡನೆ ಮರದ ತುಂಡಿನಿಂದ ತಣಿಯುವವರೆಗೆ ಒತ್ತಿ ಹಿಡಿಯಬೇಕು. ಹೆಚ್ಚಾದ ಅಂಚನ್ನು ಅರದಿಂದ ಹಲಗೆಯ ಕಡೆಗೇ ತಳ್ಳುತ್ತ ತೀಡಿ. ಹೊರಗೆ ಎಳೆದರೆ ಬ್ಯಾಂಡ್ ಎದ್ದುಬರುತ್ತದೆ. 2 ಮಿಮೀ ದಪ್ಪದ ಪ್ಲಾಸ್ಟಿಕ್ ಬ್ಯಾಂಡ್‌ಗೆ ಇಸ್ತ್ರಿ ನಡೆಯದು, ಎರಡೂ ಮುಖಕ್ಕೆ ಕಾಂಟ್ಯಾಕ್ಟ್ ಅಂಟು ಹಚ್ಚಿ, ಮುಟ್ಟಿದರೆ ಕೈಗೆ ಅಂಟದಷ್ಟು ಒಣಗಿಸಿ ಒತ್ತಬೇಕು. ಒಮ್ಮೆ ತಾಗಿದರೆ ಸರಿಸಲು ಆಗದು.

ಜೋತುಬಿದ್ದ ಡ್ರಾಯರ್ ತಳಕ್ಕೆ ಸಿಗುವ ರಿಪೇರಿ ಕ್ಲಿಪ್‌ಗಳಿಗಿಂತ, 3 ಮಿಮೀ ತಳದ ಹಲಗೆಯನ್ನು ತಿರುವಿ ಹಾಕಿ, ಅಡಿಯಲ್ಲಿ 12 ಮಿಮೀ ಚೌಕದ ಮರದ ಪಟ್ಟಿಯೊಂದನ್ನು ಅಡ್ಡಕ್ಕೆ ಅಂಟಿಸುವುದು ಗಟ್ಟಿ. ಲ್ಯಾಮಿನೇಟ್ ಇರುವ ಕಡೆ ಅಂಟು ಹಿಡಿಯಲು ಮೊದಲು ಕೆರೆದು ಒರಟು ಮಾಡಿ. ಕಪಾಟಿನ ಹಿಂಬದಿಯ ತೆಳು ಹಲಗೆಯನ್ನೂ ಕಡೆಗಣಿಸಬೇಡಿ. ಕಪಾಟು ಓಲಾಡಿದರೆ ಬಹುತೇಕ ಅದರ ಸಣ್ಣ ಮೊಳೆಗಳು ಕಿತ್ತಿರುತ್ತವೆ. ಎರಡು ಕರ್ಣಗಳನ್ನು ಅಳೆದು ಸಮ ಬರುವಂತೆ ಕಪಾಟನ್ನು ತಳ್ಳಿ, ಮೊಳೆಯ ಬದಲು 3 × 16 ಮಿಮೀ ಅಗಲ ತಲೆಯ ಸ್ಕ್ರೂಗಳನ್ನು 150 ಮಿಮೀಗೊಂದರಂತೆ ಹಾಕಿ, 2 ಮಿಮೀ ತೂತು ಕೊರೆದ ಮೇಲೆ. ಎತ್ತರದ ಕಪಾಟಾದರೆ ಗೋಡೆಗೆ ಕಟ್ಟುವ ಪಟ್ಟಿಯನ್ನು ಮತ್ತೆ ಹಾಕದೆ ಬಿಡಬೇಡಿ.

ಇಷ್ಟೆಲ್ಲ ಹೇಳಿದ್ದು ಹುಡಿ ತುಂಬಿದ ಹಲಗೆಗೆ. ಐಕಿಯಾದ ಲ್ಯಾಕ್ ಮೇಜಿನಂಥವುಗಳ ಒಳಗಿರುವುದು ಜೇನುಗೂಡಿನ ಆಕಾರದ ಕಾಗದ, ಅಂಚಿನಲ್ಲಿ ಮಾತ್ರ ಗಟ್ಟಿ ಚೌಕಟ್ಟು. ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಸ್ಕ್ರೂ, ಡೋವೆಲ್ ಯಾವುದೂ ನಿಲ್ಲದು; ಟೊಳ್ಳು ಗೋಡೆಗೆ ಬಳಸುವ, ಒಳಗೆ ರೆಕ್ಕೆ ಬಿಚ್ಚುವ ಆಂಕರ್ ಮಾತ್ರ ನಿಲ್ಲುತ್ತದೆ, ಅದೂ ಹಗುರ ಭಾರಕ್ಕೆ. ಕ್ಯಾಮ್, ಬೋಲ್ಟ್, ಹಿಂಜ್ ಕೊಳ್ಳುವ ಮೊದಲು ಜೋಡಣೆಯ ಕೈಪಿಡಿ ತೆಗೆದು ನೋಡಿ. ಪ್ರತಿ ಭಾಗದ ಚಿತ್ರದ ಪಕ್ಕ ಒಂದು ಸಂಖ್ಯೆ ಇರುತ್ತದೆ, ಆ ಸಂಖ್ಯೆ ಹೇಳಿದರೆ ಕೆಲವು ತಯಾರಕರು ಬಿಡಿಭಾಗವನ್ನು ಕೊಟ್ಟುಬಿಡುತ್ತಾರೆ. ಕೈಪಿಡಿ ಕಳೆದಿದ್ದರೆ ಹಳೆಯ ಬೋಲ್ಟನ್ನೇ ಅಂಗಡಿಗೆ ಒಯ್ಯಿರಿ: ಕುತ್ತಿಗೆಯಿಂದ ತಲೆಯವರೆಗಿನ ಉದ್ದ 24 ಮಿಮೀಯೋ 34 ಮಿಮೀಯೋ ಎಂಬುದು ಕಣ್ಣಳತೆಗೆ ಸಿಗುವುದಿಲ್ಲ, ಅದು ತಪ್ಪಿದರೆ ಹೊಸ ಗುಂಡೂ ಕಚ್ಚುವುದಿಲ್ಲ.